ಕರ್ಣಕುಂಡಲ: ಒಮ್ಮೆ ಬಿತ್ತಿದರೆ ಮಳೆಗಾಲಕ್ಕೆ ತಾನೇ ಹುಟ್ಟುವ ಹೂವಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ಣಕುಂಡಲ ಎಂದರೆ ಯಾವ ಗಿಡ? ಗೌರಿ ಹೂವು ಎನ್ನುವುದೂ ಇದನ್ನೇ ಅಲ್ಲವೇ?

ಮಳೆಗಾಲದಲ್ಲಿ ಹಿತ್ತಿಲಿನ ಬೇಲಿಯ ಬುಡದಲ್ಲಿ, ಬಚ್ಚಲ ನೀರು ಹರಿಯುವ ಕಡೆ, ಅಂಗಳದ ಅಂಚಿನಲ್ಲಿ ಮೊಣಕಾಲೆತ್ತರಕ್ಕೆ ಬೆಳೆದು, ಎಲೆಗಳ ಸಂದಿನಿಂದ ಗುಲಾಬಿ, ಕೆಂಪು, ನೇರಳೆ ಅಥವಾ ಬಿಳಿ ಹೂಗಳನ್ನು ಬಿಡುವ, ರಸ ತುಂಬಿದ ಮೆತ್ತನೆಯ ಕಾಂಡದ ಗಿಡವೇ ಕರ್ಣಕುಂಡಲ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಇಂಪೇಷಿಯೆನ್ಸ್ ಬಾಲ್ಸಮಿನ. ಬೀಜದ ಪೊಟ್ಟಣದ ಮೇಲೆ ಸಾಮಾನ್ಯವಾಗಿ ಬಾಲ್ಸಮ್ ಎಂದಷ್ಟೇ ಅಚ್ಚಾಗಿರುತ್ತದೆ. ಹೂವನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರ ಹಿಂಬದಿಯಲ್ಲಿ ಕೊಕ್ಕೆಯಂತೆ ಬಾಗಿದ ಸಣ್ಣ ಬಾಲವೊಂದು ಕಾಣುತ್ತದೆ. ಮಕರಂದ ಇರುವುದು ಆ ಬಾಲದೊಳಗೆ. ತೆಳುವಾದ ತೊಟ್ಟಿನ ಮೇಲೆ ಇಡೀ ಹೂವು ಕಿವಿಯ ಲೋಲಾಕಿನಂತೆ ತೂಗಾಡುವುದರಿಂದ ಹೆಸರು ಒಪ್ಪುತ್ತದೆ.

ಗೌರಿ ಹಬ್ಬದ ಹೊತ್ತಿಗೆ ಅರಳುವ ಕಾರಣ ಹಲವು ಊರುಗಳಲ್ಲಿ ಇದನ್ನೂ ಗೌರಿ ಹೂವು ಎನ್ನುತ್ತಾರೆ. ಆದರೆ ಇಲ್ಲಿ ಒಂದು ಎಚ್ಚರ ಬೇಕು. ಮಲೆನಾಡಿನ ಕಡೆ ಗೌರಿ ಹೂವು ಎಂದರೆ ಬೆಂಕಿಯ ನಾಲಿಗೆಯಂತೆ ಕೆಂಪು ಹಳದಿ ದಳಗಳಿರುವ ಬಳ್ಳಿ ಜಾತಿಯ ಅಗ್ನಿಶಿಖೆಯೂ ಆಗಬಹುದು. ಅಗ್ನಿಶಿಖೆಯ ಗೆಡ್ಡೆ ಮತ್ತು ಬೀಜ ಕಡುವಿಷ. ಯಾರಾದರೂ ಗೌರಿ ಹೂವಿನ ಬೀಜ ಕೊಡುತ್ತೇನೆಂದರೆ ಯಾವ ಗೌರಿ ಎಂದು ಕೇಳಿ ತಿಳಿದುಕೊಂಡ ಮೇಲೆಯೇ ಪಡೆಯುವುದು ಒಳ್ಳೆಯದು. ಈ ಗೊಂದಲ ಬೇಡವೆಂದೇ ಇಲ್ಲಿ ಉದ್ದಕ್ಕೂ ಕರ್ಣಕುಂಡಲ ಎಂಬ ಹೆಸರನ್ನು ಬಳಸಲಾಗಿದೆ.

ಇದು ಕಾಡುಹೂವೋ, ತೋಟದ ಹೂವೋ?

ಎರಡೂ ಹೌದು. ಭಾರತವೂ ಆಗ್ನೇಯ ಏಷ್ಯಾದ ಕೆಲವು ಭಾಗಗಳೂ ಇದರ ತವರು. ಪಶ್ಚಿಮ ಘಟ್ಟದ ಇಳಿಜಾರುಗಳಲ್ಲಿ, ರಸ್ತೆ ಕಡಿದ ದರೆಗಳ ಮೇಲೆ, ಜಂಬಿಟ್ಟಿಗೆ ಕಲ್ಲಿನ ಪಾಗಾರಗಳ ಸಂದಿಯಲ್ಲಿ ಯಾರೂ ಬಿತ್ತದೆಯೇ ಪ್ರತಿ ಮಳೆಗಾಲ ಹುಟ್ಟುತ್ತದೆ. ಕಾಡಿನ ಗಿಡದ ಹೂವು ಒಂಟಿ ಸುತ್ತಿನದು, ಹೆಚ್ಚಾಗಿ ತಿಳಿಗುಲಾಬಿ ಬಣ್ಣದ್ದು. ತೋಟಗಾರರು ತಲೆಮಾರುಗಳಿಂದ ಆರಿಸಿ ಬೆಳೆಸಿದ ಹಲವು ಸುತ್ತಿನ ತಳಿಗಳು ಪುಟ್ಟ ಗುಲಾಬಿಯಂತೆ ಕಾಣುತ್ತವೆ. ಎರಡರ ಸ್ವಭಾವ ಮಾತ್ರ ಒಂದೇ: ಮಳೆಗೆ ಹುಟ್ಟಿ, ಹೂಬಿಟ್ಟು, ಬೀಜ ಸಿಡಿಸಿ, ಮಳೆ ಮುಗಿಯುವಾಗ ತಾವೂ ಮುಗಿಯುವುದು.

ಮಹಾರಾಷ್ಟ್ರದಲ್ಲಿ ಇದು ತೇರಡಾ. ಅಲ್ಲಿ ಗೌರಿ ಪೂಜೆಗೆ ಈ ಗಿಡವನ್ನೇ ಬೇರುಸಹಿತ ತಂದು ಗೌರಿಯೆಂದು ಕೂರಿಸುವ ಮನೆಗಳಿವೆ. ತೇರಡಾದ ಬಣ್ಣ ಮೂರೇ ದಿನ ಎಂಬ ಗಾದೆಯೂ ಮರಾಠಿಯಲ್ಲಿದೆ. ಒಂದು ಹೂವಿನ ಬಾಳಿಗೆ ಈ ಮಾತು ಒಪ್ಪುತ್ತದೆ, ಇಡೀ ಗಿಡಕ್ಕಲ್ಲ. ಕೇರಳದಲ್ಲಿ ಇದನ್ನು ಕಾಶಿತ್ತುಂಬ ಎನ್ನುತ್ತಾರೆ, ಓಣಂ ಹಬ್ಬದ ಹೂವಿನ ರಂಗೋಲಿಯಾದ ಪೂಕ್ಕಳದಲ್ಲಿ ಬಳಸುತ್ತಾರೆ. ನಮ್ಮ ತುಂಬೆ ಹೂವಿಗೂ ಇದಕ್ಕೂ ಯಾವ ನಂಟೂ ಇಲ್ಲ.

ತಾನೇ ಹುಟ್ಟುತ್ತದೆ ಎನ್ನುತ್ತೀರಿ. ಅದು ಹೇಗೆ ಸಾಧ್ಯ?

ಕಾಯಿಯ ರಚನೆಯಿಂದ. ಕರ್ಣಕುಂಡಲದ ಕಾಯಿ ಎರಡೂ ತುದಿ ಚೂಪಾಗಿ ನಡುವೆ ಉಬ್ಬಿರುವ, ಮೈಮೇಲೆ ನವಿರಾದ ರೋಮವಿರುವ ಹಸಿರು ಕಾಯಿ. ಇದರ ಸಿಪ್ಪೆ 5 ಹೋಳುಗಳಾಗಿ ಜೋಡಿಕೊಂಡಿರುತ್ತದೆ. ಕಾಯಿ ಬಲಿತಂತೆ ಹೋಳುಗಳ ಜೀವಕೋಶಗಳಲ್ಲಿ ನೀರು ತುಂಬಿ ಒಳಗೊಳಗೇ ಬಿಗಿತ ಹೆಚ್ಚುತ್ತದೆ. ಜೋಡಣೆ ಸಡಿಲವಾದ ಕ್ಷಣದಲ್ಲಿ, ಅದು ಮಳೆಹನಿಯ ಏಟಿನಿಂದಾಗಲಿ, ಹಾದುಹೋಗುವವರ ಸೆರಗು ತಾಗಿಯಾಗಲಿ, 5 ಹೋಳುಗಳೂ ಒಟ್ಟಿಗೆ ಒಳಮುಖವಾಗಿ ಸುರುಳಿ ಸುತ್ತಿಕೊಂಡು ಬೀಜಗಳನ್ನು ಒಂದೆರಡು ಮಾರು ದೂರಕ್ಕೆ ಎಸೆಯುತ್ತವೆ. ಇಂಪೇಷಿಯೆನ್ಸ್ ಎಂಬ ಲ್ಯಾಟಿನ್ ಹೆಸರಿಗೆ ತಾಳ್ಮೆಯಿಲ್ಲದ್ದು ಎಂಬ ಅರ್ಥ ಬಂದಿರುವುದು ಇದರಿಂದಲೇ. ಬಲಿತ ಕಾಯಿಯನ್ನು ಬೆರಳಿನಿಂದ ಮುಟ್ಟಿ ಸಿಡಿಸುವುದು ಮಕ್ಕಳಿಗೆ ಆಟ. ಆ ಆಟವನ್ನು ತಡೆಯಬೇಡಿ, ಬಿತ್ತನೆಯ ಅರ್ಧ ಕೆಲಸವನ್ನು ಅವರೇ ಮಾಡಿರುತ್ತಾರೆ.

ಕರ್ಣಕುಂಡಲ ಏಕವಾರ್ಷಿಕ, ಎಂದರೆ ಬೀಜದಿಂದ ಬೀಜದವರೆಗಿನ ಬಾಳನ್ನು ಒಂದೇ ಹಂಗಾಮಿನಲ್ಲಿ ಮುಗಿಸುವ ಗಿಡ. ಹಾಗಾಗಿ ಮುಂದಿನ ವರ್ಷ ನೀವು ಕಾಣುವುದು ಹಳೆಯ ಗಿಡದ ಚಿಗುರನ್ನಲ್ಲ, ಅದು ಚೆಲ್ಲಿದ ಬೀಜದಿಂದ ಹುಟ್ಟಿದ ಹೊಸ ಸಸಿಯನ್ನು.

ಮೊದಲ ಬಾರಿ ಬಿತ್ತುವುದಕ್ಕೆ ಸರಿಯಾದ ಕಾಲ ಯಾವುದು?

ಬೀಜ ಬಿದ್ದ ಒಂದರಿಂದ ಎರಡು ವಾರದಲ್ಲಿ ಮೊಳಕೆ, ಸುಮಾರು 60ರಿಂದ 70 ದಿನಕ್ಕೆ ಮೊದಲ ಹೂವು ಎಂಬುದು ಲೆಕ್ಕ. ಗೌರಿ ಗಣೇಶ ಹಬ್ಬ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವೆ ಬರುವುದರಿಂದ, ಹಬ್ಬಕ್ಕೆ ಮನೆಯದೇ ಹೂವು ಬೇಕೆನ್ನುವವರು ಜೂನ್ ಮೊದಲ ಅಥವಾ ಎರಡನೆಯ ವಾರ, ಎಂದರೆ ಮೃಗಶಿರ ಮಳೆಯ ಹೊತ್ತಿಗೆ ಬಿತ್ತಬೇಕು. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಎಂಬ ಗಾದೆಯನ್ನು ನಂಬಿ ಮೇ ಕೊನೆಯಲ್ಲೇ ಬಿತ್ತುವವರಿದ್ದಾರೆ. ಮಳೆ ಕೈಕೊಟ್ಟರೆ ನೀರು ಹನಿಸುವ ಅನುಕೂಲವಿದ್ದಲ್ಲಿ ಅದೂ ಸರಿಯೇ. ಆದರೆ ಮೊಳಕೆಯೊಡೆದ ಮೇಲೆ ನಾಲ್ಕು ದಿನ ಉರಿಬಿಸಿಲು ಬಿದ್ದರೆ ಇದರ ಎಳೆ ಸಸಿ ತಾಳುವುದಿಲ್ಲ. ಮಲೆನಾಡು ಮತ್ತು ಕರಾವಳಿಯಲ್ಲಿ ಆರಿದ್ರಾ ಮಳೆ ಹಿಡಿದ ಮೇಲೆ ಬಿತ್ತಿದರೆ ಸಣ್ಣ ಬೀಜ ಕೊಚ್ಚಿಹೋಗುವುದೇ ಹೆಚ್ಚು. ಅಲ್ಲಿ ಮಳೆ ಬಿರುಸಾಗುವ ಮುನ್ನ ಬಿತ್ತುವುದು ಅಥವಾ ಸೂರಿನಡಿಯ ತಟ್ಟೆಯಲ್ಲಿ ಸಸಿ ಮಾಡಿಕೊಂಡು ನೆಡುವುದು ಲೇಸು.

ಬೆಂಗಳೂರು, ಮೈಸೂರಿನಂಥ ಹದವಾದ ಹವೆಯ ಊರುಗಳಲ್ಲಿ ನೀರು ಕೊಟ್ಟು ವರ್ಷದ ಬೇರೆ ತಿಂಗಳುಗಳಲ್ಲೂ ಬೆಳೆಸಬಹುದು. ಆದರೆ ಬಿತ್ತದೆಯೇ ಹುಟ್ಟುವ ಪಾತಿ ಬೇಕೆನ್ನುವವರು ಮಳೆಗಾಲದ ಲಯಕ್ಕೇ ಅದನ್ನು ಹೊಂದಿಸುವುದು ಸುಲಭ.

ಬೀಜ ಎಲ್ಲಿಂದ ತರಬೇಕು? ಘಟ್ಟದ ಕಾಡಿನಿಂದ ಗಿಡ ಕಿತ್ತು ತರಬಹುದೇ?

ನೆರೆಮನೆಯವರಿಂದ ಹತ್ತು ಕಾಯಿ ಕೇಳಿ ಪಡೆಯುವುದು ಎಲ್ಲಕ್ಕಿಂತ ಒಳ್ಳೆಯ ದಾರಿ, ಏಕೆಂದರೆ ನಿಮ್ಮದೇ ಊರಿನ ಮಣ್ಣಿಗೆ ಒಗ್ಗಿದ ಬೀಜ ಅದು. ಅದಿಲ್ಲವಾದರೆ ಬೀಜದ ಅಂಗಡಿ ಮತ್ತು ನರ್ಸರಿಗಳಲ್ಲಿ ಬಾಲ್ಸಮ್ ಹೆಸರಿನ ಪೊಟ್ಟಣ ಸುಲಭವಾಗಿ ಸಿಗುತ್ತದೆ.

ಕಾಡಿನಿಂದ ತರಬೇಡಿ. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದೊಳಗಿನಿಂದ ಗಿಡ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಪಶ್ಚಿಮ ಘಟ್ಟದಲ್ಲಿ ಕರ್ಣಕುಂಡಲದ ಅನೇಕ ಸೋದರ ಜಾತಿಗಳಿವೆ. ಅವುಗಳಲ್ಲಿ ಹಲವು ಪ್ರಪಂಚದ ಬೇರೆಲ್ಲೂ ಇಲ್ಲ. ಬಂಡೆಯ ಮೇಲಿನ ಪಾಚಿಯಲ್ಲಿ, ಮರದ ಕೊಂಬೆಯಲ್ಲಿ, ಝರಿಯ ತುಂತುರಿನಲ್ಲಿ ಬೆಳೆಯುವ ಆ ಪುಟ್ಟ ಗಿಡಗಳು ಕುಂಡಕ್ಕೆ ಬಂದರೆ ಬದುಕುವುದಿಲ್ಲ. ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ಹೂವನ್ನು ಇದೂ ಕರ್ಣಕುಂಡಲವೇ ಎಂದುಕೊಂಡು ಕಿತ್ತು ತಂದವರು ನಾಲ್ಕೇ ದಿನದಲ್ಲಿ ಅದನ್ನು ಗೊಬ್ಬರಗುಂಡಿಗೆ ಹಾಕಿದ್ದನ್ನು ನಾನೇ ನೋಡಿದ್ದೇನೆ.

ಬಿತ್ತುವ ಕ್ರಮ ಹೇಗೆ?

ಪಾತಿಯ ಮೇಲ್ಮಣ್ಣನ್ನು ನಾಲ್ಕು ಬೆರಳು ಆಳಕ್ಕೆ ಸಡಿಲಿಸಿ, ಹೆಂಟೆ ಒಡೆದು, ಒಂದೆರಡು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ ಸಮ ಮಾಡಿ. ಬೀಜ ಸಾಸಿವೆಗಿಂತ ತುಸು ದಪ್ಪ, ಕಡುಕಂದು ಬಣ್ಣದ್ದು. ಒಂದು ಹಿಡಿ ಒಣಮರಳಿನೊಂದಿಗೆ ಬೆರೆಸಿ ಉದುರಿಸಿದರೆ ಒಂದೇ ಕಡೆ ರಾಶಿ ಬೀಳುವುದಿಲ್ಲ. ಮೇಲೆ ಅರ್ಧ ಸೆಂಟಿಮೀಟರಿನಷ್ಟು ಪುಡಿಮಣ್ಣು ಉದುರಿಸಿ, ಅಂಗೈಯಿಂದ ಮೆತ್ತಗೆ ಒತ್ತಿ, ಸಣ್ಣ ತೂತುಗಳ ಬಾಯಿಯ ಡಬ್ಬಿಯಿಂದ ನೀರು ಚಿಮುಕಿಸಿ. ಕೊಡದಿಂದ ಸುರಿದರೆ ಬೀಜವೆಲ್ಲ ಪಾತಿಯ ಒಂದು ಮೂಲೆಗೆ ಸೇರುತ್ತದೆ. ಸಸಿ ಕಾಣಿಸುವವರೆಗೆ ಕೋಳಿಗಳಿಂದ ಕಾಯಬೇಕು. ಕೆದಕಿದ ಮಣ್ಣು ಕಂಡರೆ ಅವಕ್ಕೆ ಅದು ತಮಗೇ ಸಿದ್ಧಪಡಿಸಿದ ಊಟದ ಎಲೆ.

ಬಿಸಿಲು ಎಷ್ಟು ಬೇಕು?

ಅರ್ಧ ದಿನದ ಬಿಸಿಲು ಬೀಳುವ ಜಾಗ, ಅದರಲ್ಲೂ ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಮನೆಯ ಪೂರ್ವದ ಮಗ್ಗುಲು, ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಮೋಡ ಮುಸುಕಿದ ಮಳೆಗಾಲದಲ್ಲಿ ಪೂರ್ತಿ ಬಯಲೂ ಆದೀತು. ದಟ್ಟ ನೆರಳಿನಲ್ಲಿ ಗಿಡ ಸಣಕಲಾಗಿ ಉದ್ದ ಬೆಳೆದು, ಎರಡು ಹೂವು ಬಿಟ್ಟು ಮಗುಚಿ ಬೀಳುತ್ತದೆ.

ಮಣ್ಣು ಮತ್ತು ಗೊಬ್ಬರದ ವಿಷಯ ತಿಳಿಸಿ.

ನೀರು ಹಿಡಿದುಕೊಳ್ಳಬೇಕು, ನಿಲ್ಲಬಾರದು. ಈ ಎರಡರ ನಡುವಿನ ಮಣ್ಣು ಯಾವುದಾದರೂ ನಡೆಯುತ್ತದೆ. ಕೆಂಪುಮಣ್ಣಿಗೆ ಎಲೆಗೊಬ್ಬರ ಬೆರೆಸಿದರೆ ಸಾಕು. ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಿ ಮಳೆ ಹಿಡಿದಾಗ ಬೇರಿಗೆ ಉಸಿರು ಕಟ್ಟುವುದರಿಂದ, ಅಲ್ಲಿ ಗೇಣು ಎತ್ತರದ ಏರುಮಡಿ ಕಟ್ಟಿ ಮರಳು ಬೆರೆಸಿಕೊಳ್ಳಬೇಕು. ಗೊಬ್ಬರವನ್ನು ಪ್ರೀತಿಯಿಂದ ಸುರಿಯುವವರಿಗೆ ಒಂದು ಮಾತು: ಯೂರಿಯಾದಂಥ ಸಾರಜನಕದ ಗೊಬ್ಬರ ಹೆಚ್ಚಾದರೆ ಎಲೆ ಸೊಂಪಾಗಿ ಬೆಳೆದು ಹೂವು ಹಿಂದೆ ಬೀಳುತ್ತದೆ, ಮೊದಲೇ ಮೆತ್ತಗಿರುವ ಕಾಂಡ ಇನ್ನಷ್ಟು ನೀರುನೀರಾಗಿ ಕೊಳೆತಕ್ಕೆ ದಾರಿಯಾಗುತ್ತದೆ.

ಕುಂಡದಲ್ಲಿ ಬೆಳೆಸಬಹುದೇ?

ಬೆಳೆಸಬಹುದು. ಗೇಣು ಅಗಲದ ಕುಂಡಕ್ಕೆ ಒಂದೇ ಗಿಡ. ಕುಂಡದ ತೂತು ಕಟ್ಟಿಕೊಂಡಿಲ್ಲವೆಂದು ಮಳೆಗೆ ಮೊದಲೇ ನೋಡಿಕೊಳ್ಳಿ. ತಾರಸಿಯ ಮೇಲಿನ ಕುಂಡವು ಬಿಸಿಲು ಬಂದ ದಿನ ಬೇಗ ಒಣಗುತ್ತದೆ, ಕರ್ಣಕುಂಡಲ ಅದನ್ನು ಮೊದಲು ತೋರಿಸಿಕೊಡುವ ಗಿಡ. ಮಧ್ಯಾಹ್ನ ಎಲೆ ಜೋತುಬಿದ್ದಿದ್ದರೂ ಸಂಜೆ ನೀರು ಕಂಡೊಡನೆ ಎದ್ದು ನಿಲ್ಲುತ್ತದೆ. ತಾನೇ ಬಿತ್ತಿಕೊಳ್ಳುವ ಲಾಭ ಮಾತ್ರ ಕುಂಡದಲ್ಲಿ ಅರ್ಧಕ್ಕರ್ಧ ಕಡಿಮೆ, ಏಕೆಂದರೆ ಸಿಡಿದ ಬೀಜದಲ್ಲಿ ಬಹುಪಾಲು ಸಿಮೆಂಟಿನ ಮೇಲೆ ಬಿದ್ದು ಗುಡಿಸಿಹೋಗುತ್ತದೆ. ಕುಂಡಗಳನ್ನು ಒತ್ತೊತ್ತಾಗಿ ಜೋಡಿಸಿಟ್ಟರೆ ಒಂದರ ಬೀಜ ಪಕ್ಕದ್ದಕ್ಕೆ ಬೀಳುತ್ತದೆ. ನಮ್ಮ ತುಳಸಿ ಕುಂಡದಲ್ಲೂ ಕರಿಬೇವಿನ ಕುಂಡದಲ್ಲೂ ಕರ್ಣಕುಂಡಲ ಹುಟ್ಟುವುದು ಹೀಗೆಯೇ.

ಹೋದ ವರ್ಷ ಚೆನ್ನಾಗಿ ಹೂಬಿಟ್ಟಿತ್ತು. ಈ ವರ್ಷ ಒಂದು ಸಸಿಯೂ ಹುಟ್ಟಲಿಲ್ಲ. ಏಕೆ?

ಎಲ್ಲಕ್ಕಿಂತ ಹೆಚ್ಚಾಗಿ ಬರುವ ಪ್ರಶ್ನೆ ಇದು. ಗಿಡದ ತಪ್ಪು ಇದರಲ್ಲಿ ಅಪರೂಪ. ಹತ್ತರಲ್ಲಿ ಒಂಬತ್ತು ಸಲ ಬೀಜ ಬಿದ್ದಿರುತ್ತದೆ, ಹುಟ್ಟುವುದಕ್ಕೆ ನಾವೇ ಬಿಟ್ಟಿರುವುದಿಲ್ಲ.

ಮೊದಲು ನೋಡಬೇಕಾದ್ದು, ಹೋದ ವರ್ಷ ಗಿಡವನ್ನು ಯಾವಾಗ ಕಿತ್ತಿರಿ ಎಂಬುದು. ಹಬ್ಬ ಮುಗಿದು, ಹೂವು ಕಡಿಮೆಯಾಗಿ, ಬುಡದ ಎಲೆಗಳು ಹಳದಿಯಾದಾಗ ಅಂಗಳ ಚೊಕ್ಕಟವಾಗಿರಲೆಂದು ಕಿತ್ತು ಬಿಸಾಡುವುದು ರೂಢಿ. ಕಾಯಿ ಬಲಿಯುವುದು ಸರಿಯಾಗಿ ಆ ಹೊತ್ತಿಗೆ. ಪೂಜೆಗೆಂದು ದಿನವೂ ಹೂವನ್ನೆಲ್ಲ ಬಿಡಿಸಿಕೊಂಡವರಿಗೂ ಇದೇ ಗತಿ: ಹೂವು ಉಳಿಯದಿದ್ದರೆ ಕಾಯಿ ಎಲ್ಲಿಂದ ಬರಬೇಕು? ಇಡೀ ಪಾತಿಯಲ್ಲಿ ನಾಲ್ಕೈದು ಗಿಡಗಳನ್ನು ಬೀಜಕ್ಕೆಂದೇ ಮುಟ್ಟದೆ ಬಿಡಬೇಕು, ಅವು ಒಣಗಿ ತಾವಾಗಿ ಬೀಳುವವರೆಗೂ.

ಎರಡನೆಯದು ಮಣ್ಣು ಸ್ಥಳಾಂತರವಾಗಿರುವುದು. ಅಡಿಕೆ ಬೆಳೆಯುವ ಮನೆಗಳಲ್ಲಿ ಇದು ಪ್ರತಿವರ್ಷದ ಕತೆ. ಮಳೆ ನಿಂತ ಮೇಲೆ ಅಡಿಕೆ ಒಣಹಾಕಲು ಅಂಗಳವನ್ನು ಕೆತ್ತಿ, ತಟ್ಟಿ, ಸಗಣಿ ಸಾರಿಸುತ್ತಾರೆ. ಕೆತ್ತಿದ ಮಣ್ಣಿನೊಂದಿಗೆ ಬೀಜವೂ ಹೊರಗೆ ಹೋಗುತ್ತದೆ. ಅಂಗಳದ ಅಂಚು ಬೋಳಾಗಿ, ಮುಂದಿನ ಜೂನಿನಲ್ಲಿ ಆ ಮಣ್ಣು ಹಾಕಿದ ತೆಂಗಿನ ಬುಡದಲ್ಲಿ ಗುಲಾಬಿ ಹೂವಿನ ಹಿಂಡೇ ಎದ್ದಿರುತ್ತದೆ. ಸಸಿ ಹುಟ್ಟಲಿಲ್ಲ ಎನ್ನುವ ಮೊದಲು ಕೆತ್ತಿದ ಮಣ್ಣು ಎಲ್ಲಿಗೆ ಹೋಯಿತೆಂದು ನೋಡಿ ಬನ್ನಿ.

ಮೂರನೆಯದು ದಪ್ಪ ಹೊದಿಕೆ. ತರಗೆಲೆಯನ್ನೋ ತೆಂಗಿನ ನಾರನ್ನೋ ನಾಲ್ಕು ಬೆರಳು ದಪ್ಪ ಹಾಸಿದರೆ ಕಳೆಯ ಜೊತೆಗೆ ಕರ್ಣಕುಂಡಲವೂ ಕೆಳಗೇ ಉಳಿಯುತ್ತದೆ. ನಾನೂ ಒಂದು ವರ್ಷ, ಮಣ್ಣಿನ ತೇವ ಉಳಿಯಲೆಂದು ಬೇಲಿಯ ಬುಡಕ್ಕೆಲ್ಲ ಹಲಸಿನ ತರಗೆಲೆ ಹೊದಿಸಿ, ಆಗಸ್ಟ್‌ವರೆಗೂ ಕಾದು ಕೂತಿದ್ದೆ. ಕೊನೆಗೆ ಬೆಕ್ಕು ಕೆದರಿದ ಎರಡಡಿ ಜಾಗದಲ್ಲಿ ಮಾತ್ರ ಏಳು ಸಸಿಗಳು ಹುಟ್ಟಿದವು. ಮೇ ತಿಂಗಳ ಕೊನೆಗೆ ಹೊದಿಕೆಯನ್ನು ಪಕ್ಕಕ್ಕೆ ಸರಿಸಿ, ಸಸಿ ಬೆರಳುದ್ದ ಬಂದ ಮೇಲೆ ಮತ್ತೆ ಹಾಸಿದರೆ ಎರಡೂ ಕೆಲಸ ಆಗುತ್ತದೆ.

ಇನ್ನು ಬಯಲುಸೀಮೆಯ ದಕ್ಷಿಣ ಭಾಗದಲ್ಲಿ ಒಂದು ವಿಶೇಷ ಕಾರಣವಿದೆ. ಈ ಬೀಜಕ್ಕೆ ದೀರ್ಘ ನಿದ್ರೆಯ ಅಭ್ಯಾಸವಿಲ್ಲ. ಸೆಪ್ಟೆಂಬರಿನಲ್ಲಿ ಉದುರಿದ ಬೀಜ ಹಸ್ತ, ಚಿತ್ತಾ ಮಳೆಗೇ ಮೊಳೆತುಬಿಡಬಹುದು. ಆ ಎರಡನೆಯ ಪೀಳಿಗೆ ಗೇಣುದ್ದ ಬೆಳೆದು ಚಳಿಗಾಲದ ಆರಂಭದಲ್ಲಿ ನಾಲ್ಕು ಹೂವು ಬಿಡುತ್ತದೆ. ಆಗ ಅದಕ್ಕೆ ನೀರು ಕೊಟ್ಟು ಕಾಯಿಗೆ ತಂದರೆ ಬೀಜದ ಸರಪಳಿ ಮುಂದುವರಿಯುತ್ತದೆ. ಒಣಗಲು ಬಿಟ್ಟರೆ ಮುಂದಿನ ಜೂನಿಗೆ ನೆಲದಲ್ಲಿ ಉಳಿಯುವ ಬೀಜ ಕಡಿಮೆ. ಈ ಕಾರಣಕ್ಕೇ ಒಂದು ಹಿಡಿ ಬೀಜವನ್ನು ಡಬ್ಬಿಯಲ್ಲಿ ತೆಗೆದಿಡುವುದು ಒಳ್ಳೆಯದು.

ಹುಟ್ಟಿದ ಸಸಿಯನ್ನು ಕಳೆಯಿಂದ ಬೇರೆಯಾಗಿ ಗುರುತಿಸುವುದು ಹೇಗೆ?

ಈ ಹೂವನ್ನು ಬೆಳೆಸುವ ವಿದ್ಯೆಯಲ್ಲಿ ಕಲಿಯಬೇಕಾದ್ದು ಏನಾದರೂ ಇದ್ದರೆ ಅದು ಇದೇ. ಮಿಕ್ಕದ್ದನ್ನು ಮಳೆ ನೋಡಿಕೊಳ್ಳುತ್ತದೆ.

ಮೊಳೆತ ಮೊದಲ ದಿನಗಳಲ್ಲಿ ಕಾಣುವುದು ಎರಡು ಬೀಜದಳಗಳು: ಹೆಚ್ಚುಕಡಿಮೆ ದುಂಡಗೆ, ದಪ್ಪಗೆ, ತಿಳಿಹಸಿರಾಗಿ, ಎರಡು ಪುಟ್ಟ ನಾಣ್ಯ ಎದುರುಬದುರು ಇಟ್ಟಂತೆ. ಅವನ್ನು ಹೊತ್ತ ಕಾಂಡ ಗಾಜಿನಂತೆ ಬೆಳಕು ಹಾಯುವಷ್ಟು ತಿಳಿಯಾಗಿರುತ್ತದೆ, ಬಗ್ಗಿ ಬೆಳಕಿಗೆ ಹಿಡಿದು ನೋಡಿದರೆ ಒಳಗಿನ ನರಗಳೂ ಗೆರೆಗೆರೆಯಾಗಿ ಕಾಣುತ್ತವೆ. ಕೆಲವು ದಿನ ಕಳೆದು ನಿಜವಾದ ಎಲೆ ಬಂದಾಗ ಅನುಮಾನ ಉಳಿಯುವುದಿಲ್ಲ: ಭರ್ಜಿಯಂತೆ ಉದ್ದನೆಯ ಎಲೆ, ಅಂಚಿನಲ್ಲಿ ಗರಗಸದ ಸಣ್ಣ ಹಲ್ಲುಗಳು.

ತಪ್ಪಾಗುವುದು ಹೆಚ್ಚಾಗಿ ಗೋಣಿಸೊಪ್ಪಿನ ವಿಷಯದಲ್ಲಿ, ಏಕೆಂದರೆ ಅದರ ಕಾಂಡವೂ ರಸಭರಿತ, ಕೆಂಪುಮಿಶ್ರಿತ. ಆದರೆ ಗೋಣಿಸೊಪ್ಪು ನೆಲಕ್ಕೆ ಒರಗಿ ಹರಡುತ್ತದೆ, ಅದರ ಎಲೆಯಂಚಿಗೆ ಹಲ್ಲಿಲ್ಲ. ಕರ್ಣಕುಂಡಲ ಮೊದಲ ದಿನದಿಂದಲೂ ನೆಟ್ಟಗೆ ನಿಲ್ಲುತ್ತದೆ. ಕಳೆ ಕೀಳಲು ಬೇರೆಯವರನ್ನು ಕರೆಯುವ ಮನೆಗಳಲ್ಲಿ ಅವರ ಕೈಗೆ ಕಳೆಗುದ್ದಲಿ ಕೊಡುವ ಮುನ್ನ ಒಂದು ಸಸಿಯನ್ನು ಕಿತ್ತು ತೋರಿಸಿ, ಇದನ್ನು ಬಿಡಿ ಎಂದು ಹೇಳುವುದು ಅಗತ್ಯ. ಹೇಳದಿದ್ದರೆ ಅವರು ಚೆನ್ನಾಗಿ ಕೆಲಸ ಮಾಡಿದಷ್ಟೂ ನಿಮಗೆ ನಷ್ಟ.

ಕಾಂಡದ ಬಣ್ಣದಿಂದ ಹೂವಿನ ಬಣ್ಣವನ್ನೂ ಮೊದಲೇ ಊಹಿಸಬಹುದು. ಬಿಳಿ ಹೂವಿನ ಗಿಡದ ಕಾಂಡ ಸಾಮಾನ್ಯವಾಗಿ ಅಪ್ಪಟ ಹಸಿರು. ಕೆಂಪು, ನೇರಳೆ ಹೂವಿನ ಗಿಡದ ಕಾಂಡ ಹಾಗೂ ಗೆಣ್ಣುಗಳಲ್ಲಿ ಕೆಂಪು ಛಾಯೆ ಇರುತ್ತದೆ. ಪಾತಿಯಲ್ಲಿ ಯಾವ ಬಣ್ಣ ಹೆಚ್ಚು ಬೇಕೋ ಅದಕ್ಕೆ ತಕ್ಕಂತೆ, ಒತ್ತಾದ ಸಸಿಗಳನ್ನು ಕಿತ್ತು ಬಿಡಿಸುವಾಗಲೇ ಆರಿಸಿಕೊಳ್ಳಲು ಈ ಗುರುತು ಸಾಕು.

ಒಂದೇ ಕಡೆ ನೂರಾರು ಸಸಿ ಹುಟ್ಟಿವೆ. ಎಲ್ಲವನ್ನೂ ಉಳಿಸಬಹುದೇ?

ಉಳಿಸಿದರೆ ಯಾವುದೂ ಉದ್ಧಾರವಾಗುವುದಿಲ್ಲ. ಗಿಡದಿಂದ ಗಿಡಕ್ಕೆ ಒಂದು ಗೇಣು, ಎಂದರೆ 20ರಿಂದ 25 ಸೆಂಟಿಮೀಟರ್ ಇರುವಂತೆ ಬಿಡಿಸಿ. ಕಿತ್ತದ್ದನ್ನು ಎಸೆಯಬೇಕಾಗಿಲ್ಲ. ನಾಲ್ಕು ಎಲೆಯ ಹಂತದಲ್ಲಿ, ಮೋಡವಿರುವ ದಿನ, ಬೇರಿನ ಸುತ್ತಲಿನ ಮಣ್ಣುಸಹಿತ ಎಬ್ಬಿಸಿದರೆ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಎಲೆಯನ್ನು ಹಿಡಿದೇ ಎತ್ತಬೇಕು, ಕಾಂಡವನ್ನು ಹಿಡಿದರೆ ಬೆರಳ ಒತ್ತಿಗೇ ಜಜ್ಜಿಹೋಗುತ್ತದೆ.

ಹಲವು ಸುತ್ತಿನ ಕೆಂಪು ಹೂವು ಹಾಕಿದ್ದೆವು. ಮೂರು ವರ್ಷದಲ್ಲಿ ಒಂಟಿ ಸುತ್ತಿನ ಗುಲಾಬಿ ಬಣ್ಣವೇ ಉಳಿಯಿತು. ಏಕೆ?

ಈ ಹೂವಿನಲ್ಲಿ ಗಂಡು ಭಾಗ ಮೊದಲು ಬಲಿಯುತ್ತದೆ. ಪರಾಗಕೋಶಗಳು ಒಂದಾಗಿ ಟೋಪಿಯಂತೆ ಹೆಣ್ಣು ಭಾಗವಾದ ಶಲಾಕೆಯನ್ನು ಮುಚ್ಚಿರುತ್ತವೆ. ಆ ಟೋಪಿ ಕಳಚಿಬಿದ್ದ ಮೇಲಷ್ಟೇ ಹೆಣ್ಣು ಭಾಗ ಪರಾಗ ಸ್ವೀಕರಿಸುತ್ತದೆ. ಹೀಗಾಗಿ ಜೇನ್ನೊಣಗಳು ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಒಯ್ಯುವುದೇ ಹೆಚ್ಚು, ಬಣ್ಣಗಳು ಬೆರೆಯುತ್ತವೆ. ಜೊತೆಗೆ ಒಂಟಿ ಸುತ್ತಿನ ಹೂವಿಗೆ ಜೇನ್ನೊಣ ಸುಲಭವಾಗಿ ನುಗ್ಗಬಲ್ಲದು, ಆದ್ದರಿಂದ ಅದರ ಬೀಜವೇ ಪಾತಿಯಲ್ಲಿ ಹೆಚ್ಚುತ್ತಾ ಹೋಗುತ್ತದೆ. ಬೇಕಾದ ಬಣ್ಣವನ್ನು ಉಳಿಸಿಕೊಳ್ಳಬೇಕೆಂದರೆ ಬೇಡದ ಗಿಡವನ್ನು ಅದರ ಮೊದಲ ಹೂವು ಕಂಡ ದಿನವೇ ಕಿತ್ತುಬಿಡಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಆ ತಿಳಿಗುಲಾಬಿಯ ಒಂಟಿ ಸುತ್ತು ಅಂಗಡಿಯ ಮುದ್ದೆ ಹೂವಿಗಿಂತ ಚೆಂದ. ಹಲವು ಸುತ್ತಿನ ಹೂವು ಮಳೆನೀರು ಹಿಡಿದುಕೊಂಡು ಕೊಳೆಯುತ್ತದೆ, ಇದು ಕೊಡವಿಕೊಂಡು ನಿಲ್ಲುತ್ತದೆ.

ಬೀಜವನ್ನು ಹಿಡಿದಿಡುವುದು ಹೇಗೆ? ಮುಟ್ಟಿದರೆ ಸಿಡಿಯುತ್ತದಲ್ಲ?

ಕಾಯಿಯ ಕಡುಹಸಿರು ಮಾಸಿ ತುಸು ಹಳದಿಗೆ ತಿರುಗಿ, ಒಳಗಿನ ಬೀಜದ ಉಬ್ಬು ಹೊರಗೆ ಕಾಣುವಾಗ ಅದು ಸಿದ್ಧ. ಅಂಗೈಯನ್ನು ಬಟ್ಟಲಿನಂತೆ ಮಾಡಿ ಕಾಯಿಯನ್ನು ಪೂರ್ತಿ ಒಳಗಿಟ್ಟುಕೊಂಡು ಮುಷ್ಟಿ ಮುಚ್ಚಿ. ಅದು ಸಿಡಿಯುವುದು ಕೈಯೊಳಗೇ, ಹುಳು ಮಿಸುಕಿದ ಹಾಗೆ ಕಚಗುಳಿಯಾಗುತ್ತದೆ. ಸುರುಳಿಯಾದ ಸಿಪ್ಪೆಯನ್ನು ಆರಿಸಿ ತೆಗೆದು, ಬೀಜವನ್ನು ಒಂದು ವಾರ ನೆರಳಿನಲ್ಲಿ ಕಾಗದದ ಮೇಲೆ ಹರಡಿ ಒಣಗಿಸಬೇಕು. ಬೀಜ ಇನ್ನೂ ಬಿಳಿಯಾಗಿದ್ದರೆ ಎಳಸು, ಇಟ್ಟು ಪ್ರಯೋಜನವಿಲ್ಲ. ಒಣಗಿದ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಬಣ್ಣ ಮತ್ತು ವರ್ಷ ಬರೆದು, ಗಾಜಿನ ಡಬ್ಬಿಯಲ್ಲಿ ತಂಪಾದ ಕಡೆ ಇಟ್ಟರೆ ಮುಂದಿನ ಎರಡು ಮಳೆಗಾಲಕ್ಕೆ ಧಾರಾಳವಾಗಿ ಒದಗುತ್ತದೆ.

ರೋಗ, ಹುಳುಗಳ ಕಾಟ ಇದೆಯೇ?

ಇದೆ, ಆದರೆ ಔಷಧಿ ಹೊಡೆಯುವಷ್ಟು ದೊಡ್ಡದಾಗುವುದು ಅಪರೂಪ. ಮಳೆ ಬಿಡುವು ಕೊಟ್ಟು ಇಬ್ಬನಿ ಶುರುವಾದಾಗ ಎಲೆಯ ಮೇಲೆ ಬೂದಿ ರೋಗ ಕಾಣಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಗಿಡ ಕಾಯಿ ಕಟ್ಟಿರುವುದರಿಂದ ಬುಡದ ಎಲೆಗಳನ್ನು ಕಿತ್ತು ಗಾಳಿಯಾಡುವಂತೆ ಮಾಡಿದರೆ ಸಾಕು. ನೀರು ನಿಂತಲ್ಲಿ ಬುಡ ಕಪ್ಪಾಗಿ ಕೊಳೆಯುತ್ತದೆ. ಹಾಗಾದ ಗಿಡವನ್ನು ಕಿತ್ತು ದೂರ ಹಾಕುವುದಲ್ಲದೆ ಬೇರೆ ದಾರಿಯಿಲ್ಲ. ಬಸವನಹುಳುಗಳು ಎಳೆ ಸಸಿಯನ್ನು ರಾತ್ರೋರಾತ್ರಿ ಮುಗಿಸುತ್ತವೆ, ಟಾರ್ಚ್ ಹಿಡಿದು ಆರಿಸುವುದೇ ಉತ್ತಮ.

ಒಂದು ಬೆಳಿಗ್ಗೆ ಗಿಡದಲ್ಲಿ ಎಲೆಯೇ ಇಲ್ಲದೆ ಬರಿಯ ಕಡ್ಡಿ ಉಳಿದಿದ್ದರೆ, ಕಾಂಡದ ಮೇಲೆ ಹುಡುಕಿ. ಕಿರುಬೆರಳು ದಪ್ಪದ, ಬಾಲದ ತುದಿಯಲ್ಲಿ ಕೊಂಬಿರುವ, ಮೈಯ ಪಕ್ಕದಲ್ಲಿ ಸಾಲಾಗಿ ಕಣ್ಣಿನಂಥ ಚುಕ್ಕೆಗಳಿರುವ ಕಪ್ಪು ಹುಳು ಸಿಗುತ್ತದೆ. ಇದು ಗಿಡುಗ ಪತಂಗವೆಂದು ಕರೆಯುವ ದೊಡ್ಡ ಪತಂಗದ ಮರಿ, ಕಚ್ಚುವುದಿಲ್ಲ. ಕಡ್ಡಿಯಿಂದೆತ್ತಿ ಬೇಲಿಯಾಚೆಯ ಗಿಡಕ್ಕೆ ಬಿಟ್ಟರೆ ಇಬ್ಬರಿಗೂ ಕ್ಷೇಮ. ಗಿಡ ಕಾರಣವಿಲ್ಲದೆ ಕುಗ್ಗುತ್ತಿದ್ದರೆ ಕಿತ್ತು ಬೇರು ನೋಡಿ. ಬೇರಿನಲ್ಲಿ ಗಂಟುಗಳಿದ್ದರೆ ಅದು ಜಂತುಹುಳು, ಆ ಜಾಗದಲ್ಲಿ ಒಂದು ವರ್ಷ ಚೆಂಡುಹೂ ಹಾಕಿ.

ಇದು ತೋಟವನ್ನೆಲ್ಲ ಆಕ್ರಮಿಸಿಕೊಳ್ಳುವುದಿಲ್ಲವೇ? ವಿದೇಶದಲ್ಲಿರುವವರು ಬೆಳೆಸಬಹುದೇ?

ಬೇರು ಮೇಲ್ಮಣ್ಣಿನಲ್ಲೇ ಇರುವುದರಿಂದ ಎರಡು ಬೆರಳಿನಿಂದ ಎಳೆದರೆ ಬರುತ್ತದೆ. ಪಾರ್ಥೇನಿಯಂನಂಥ ಹಟ ಇದಕ್ಕಿಲ್ಲ, ಇಲ್ಲಿ ಇದು ತವರಿನ ಗಿಡವೂ ಹೌದು. ಪೆಸಿಫಿಕ್ ಸಾಗರದ ಕೆಲವು ದ್ವೀಪಗಳಲ್ಲಿ ಮಾತ್ರ ಇದು ತೋಟ ದಾಟಿ ಹರಡಿದೆ.

ಬ್ರಿಟನ್ ಮತ್ತು ಯುರೋಪಿನಲ್ಲಿ ನೆಲೆಸಿದವರಿಗೆ ಒಂದು ಸೂಚನೆ ಅವಶ್ಯ. ಅಲ್ಲಿ ಹೊಳೆದಂಡೆಗಳನ್ನು ತುಂಬಿಕೊಂಡು ಕುಖ್ಯಾತವಾಗಿರುವುದು 1839ರಲ್ಲಿ ಬ್ರಿಟನ್ನಿಗೆ ಒಯ್ದ ಹಿಮಾಲಯದ ಬಾಲ್ಸಮ್, ಇಂಪೇಷಿಯೆನ್ಸ್ ಗ್ಲಾಂಡುಲಿಫೆರ. ಅದು ಆಳೆತ್ತರ ಮೀರಿ ಬೆಳೆಯುವ ಬೇರೆಯೇ ಜಾತಿ, ಐರೋಪ್ಯ ಒಕ್ಕೂಟದ ಆಕ್ರಮಣಕಾರಿ ಪ್ರಭೇದಗಳ ಪಟ್ಟಿಯಲ್ಲಿದೆ, ಬೆಳೆಸಬಾರದು. ನಮ್ಮ ಕರ್ಣಕುಂಡಲ ಹಿಮ ಬಿದ್ದೊಡನೆ ಸಾಯುತ್ತದೆ, ಅಂಥ ದೇಶಗಳಲ್ಲಿ ಪ್ರತಿ ವಸಂತದಲ್ಲೂ ಹೊಸದಾಗಿ ಬಿತ್ತಬೇಕಾಗಿ ಬರಬಹುದು. ಊರಿನಿಂದ ಬೀಜ ಒಯ್ಯುವ ಮೊದಲು ಆ ದೇಶದ ಸಸ್ಯ ಆಮದಿನ ನಿಯಮವನ್ನು ವಿಚಾರಿಸಿಕೊಳ್ಳಿ.

ಉಗುರಿಗೆ ಬಣ್ಣ ಬರುತ್ತದೆ ಎನ್ನುವುದು ನಿಜವೇ? ತಿನ್ನಬಹುದೇ?

ಬಣ್ಣದ ಮಾತು ನಿಜ. ಮದರಂಗಿಯಲ್ಲಿರುವ ಲಾಸೋನ್ ಎಂಬ ವರ್ಣದ್ರವ್ಯವೇ ಇದರಲ್ಲೂ ಇದೆ. ಕೊರಿಯಾದಲ್ಲಿ ಹೂವು ಎಲೆಗಳನ್ನು ಪಟಿಕದೊಂದಿಗೆ ಅರೆದು ಉಗುರಿಗೆ ಕಟ್ಟುವ ಪದ್ಧತಿ ಹಳೆಯದು. ಹಿಂದಿಯಲ್ಲಿ ಇದನ್ನು ಗುಲ್‌ಮೆಹಂದಿ ಎಂದು ಕರೆಯುವುದರಲ್ಲೂ ಮದರಂಗಿಯ ಹೆಸರಿದೆ. ಗಿಡದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುವುದರಿಂದ ತಿನ್ನುವುದು ಬೇಡ.

ಒಣಗಿದ ಗಿಡಗಳನ್ನು ಏನು ಮಾಡಬೇಕು?

ಕಾಯಿಗಳೆಲ್ಲ ಸಿಡಿದು, ಕಾಂಡ ಕಂದಾಗಿ ತೂಗಿಬಿದ್ದ ಮೇಲೆ ಬುಡಕ್ಕೆ ಕತ್ತಿ ಹಾಕಿ ಕೊಯ್ಯಿರಿ. ಬೇರನ್ನು ಕಿತ್ತು ಮಣ್ಣು ಮೇಲೆ ಕೆಳಗೆ ಮಾಡಬೇಡಿ, ಆಳಕ್ಕೆ ಹೋದ ಬೀಜ ಮೇಲೆ ಬರುವುದು ಕಷ್ಟ. ಕೊಯ್ದ ಕಡ್ಡಿಗಳನ್ನು ಒಂದು ವಾರ ಅದೇ ಪಾತಿಯ ಮೇಲೆ ಮಲಗಿಸಿಟ್ಟರೆ ಉಳಿದುಕೊಂಡ ಒಂದೆರಡು ಕಾಯಿಗಳೂ ಅಲ್ಲೇ ಒಡೆದುಕೊಳ್ಳುತ್ತವೆ. ಅನಂತರ ಕಡ್ಡಿಗಳನ್ನು ಗೊಬ್ಬರಗುಂಡಿಗೆ ಹಾಕಿ, ಪಾತಿಯ ಮೂಲೆಗೆ ಒಂದು ಗೂಟ ನೆಟ್ಟಿಡಿ. ಬೇಸಿಗೆಯಲ್ಲಿ ಖಾಲಿ ಕಂಡ ಜಾಗಕ್ಕೆ ಬದನೆಯನ್ನೋ ಬಸಳೆಯನ್ನೋ ಹಾಕಲು ಮನೆಯಲ್ಲಿ ಯಾರಾದರೂ ಗುದ್ದಲಿ ತಂದೇ ತರುತ್ತಾರೆ.